ಕಂಪನಿ ಹೋದ ಮೇಲೆ ಏನು ಉಳಿಯುತ್ತದೆ?

ಹಳ್ಳಿಗಾಡಿನ ಪ್ರದೇಶವೊಂದಕ್ಕೆ ತಂತ್ರಜ್ಞಾನದ ಉದ್ಯಮ ತರುತ್ತೇವೆ ಎಂದು ಯಾರೇ ಯೋಜನೆ ಬರೆಯಲಿ, ಅದರಲ್ಲಿ ಮೂರು ಮಾತು ಇದ್ದೇ ಇರುತ್ತವೆ. ಫೈಬರ್ ಕೇಬಲ್ ಎಳೆಯೋಣ. ದೊಡ್ಡ ಕಂಪನಿಯೊಂದನ್ನು ಕರೆತರೋಣ. ಹುಡುಗರಿಗೆ ಕೋಡಿಂಗ್ ಕಲಿಸೋಣ. ದೇಶ ಯಾವುದಾದರೂ ಸರಿ, ಈ ಮೂರು ಮಾತು ತಪ್ಪುವುದಿಲ್ಲ. ಮೂರೂ ಕೆಟ್ಟ ಮಾತೇನಲ್ಲ. ಆದರೆ ಮೂರನ್ನೂ ಮಾಡಿ ಮುಗಿಸಿ, ಹತ್ತು ವರ್ಷದ ಮೇಲೂ ಇದ್ದ ಹಾಗೇ ಇರುವ ಜಾಗಗಳು ಬೇಕಾದಷ್ಟಿವೆ. ಮೂರರಲ್ಲಿ ಒಂದನ್ನೂ ಮಾಡದೆ ಜಗತ್ತಿಗೇ ಯಂತ್ರ ಮಾರಿದ ಹಳ್ಳಿಗಾಡುಗಳೂ ಇವೆ.

ನಾನು ಸಾಫ್ಟ್‌ವೇರ್ ಕೆಲಸ ಮಾಡಿಕೊಂಡು ಬದುಕುವವನು. ಇಂಥ ಕತೆಗಳನ್ನು ಹುಡುಕಿ ಓದುವುದು ಒಂದು ಚಟವಾಗಿಬಿಟ್ಟಿದೆ. ಓದುತ್ತಾ ಓದುತ್ತಾ ನನ್ನ ತಲೆಯಲ್ಲಿ ಒಂದೇ ಒಂದು ಪ್ರಶ್ನೆ ಗಟ್ಟಿಯಾಗಿ ನಿಂತಿದೆ. ಬಂದ ದೊಡ್ಡ ಕಂಪನಿ ಒಂದು ದಿನ ಬಾಗಿಲು ಹಾಕಿಕೊಂಡು ಹೋದರೆ ಅಲ್ಲಿ ಏನು ಉಳಿಯುತ್ತದೆ? ಎಷ್ಟು ಕೋಟಿ ಬಂಡವಾಳ, ಎಷ್ಟು ಸಾವಿರ ಉದ್ಯೋಗ ಅನ್ನುವುದೆಲ್ಲ ಶಂಕುಸ್ಥಾಪನೆ ದಿನದ ಲೆಕ್ಕ. ಬಾಗಿಲು ಮುಚ್ಚಿದ ದಿನದ ಲೆಕ್ಕವನ್ನು ಯಾರೂ ಮೊದಲೇ ಬರೆದಿಡುವುದಿಲ್ಲ. ಬರೆದಿಟ್ಟರೆ ಯೋಜನೆಯೇ ಬೇರೆ ಥರ ಇರುತ್ತಿತ್ತೇನೋ.

ಸುಲಭದ ಉದಾಹರಣೆಯಿಂದ ಶುರು ಮಾಡೋಣ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕ್ವಿನ್ಸಿ ಎಂಬ ಸಣ್ಣ ಊರಿದೆ. ಆಲೂಗಡ್ಡೆ, ಹುರುಳಿಕಾಯಿ, ಸೇಬು ಬೆಳೆಯುವ ಸೀಮೆ. ಪಕ್ಕದಲ್ಲೇ ಕೊಲಂಬಿಯಾ ನದಿ, ಅದರ ಮೇಲೆ ಅಣೆಕಟ್ಟುಗಳು, ಹಾಗಾಗಿ ಕರೆಂಟು ಅಗ್ಗ. 2006ರಲ್ಲಿ ಮೈಕ್ರೋಸಾಫ್ಟ್ ಅಲ್ಲಿ ಹೊಲ ಕೊಂಡು ಡೇಟಾ ಸೆಂಟರ್ ಕಟ್ಟಲು ಶುರು ಮಾಡಿತು. ಅದೇ ವರ್ಷ ಒರೆಗಾನ್ ರಾಜ್ಯದ ದ ಡಾಲ್ಸ್ ಎಂಬಲ್ಲಿ ಗೂಗಲ್‌ನದು ತೆರೆಯಿತು. 2011ರಲ್ಲಿ ಪ್ರೈನ್‌ವಿಲ್‌ನಲ್ಲಿ ಫೇಸ್‌ಬುಕ್‌ನದು. ನಕ್ಷೆಯ ಮೇಲೆ ನೋಡಿದರೆ ಇವೆಲ್ಲ ತಂತ್ರಜ್ಞಾನದ ಹೊಸ ಕೇಂದ್ರಗಳು. ಒಳಗೆ ಹೋದರೆ ತಣ್ಣಗೆ ಗುಂಯ್‌ಗುಡುವ ಸರ್ವರ್‌ಗಳು, ಒಂದಿಷ್ಟು ಎಲೆಕ್ಟ್ರಿಷಿಯನ್‌ಗಳು, ಕಾವಲಿನವರು. ಕಟ್ಟುವಾಗ ಸಾವಿರಾರು ಜನಕ್ಕೆ ಕೆಲಸ ಸಿಗುತ್ತದೆ. ಕಟ್ಟಿ ಮುಗಿದ ಮೇಲೆ ಫುಟ್‌ಬಾಲ್ ಮೈದಾನಗಳಷ್ಟು ದೊಡ್ಡ ಕಟ್ಟಡದಲ್ಲಿ ಕಾಯಂ ಇರುವವರು ಕೆಲವೇ ಹತ್ತು, ಜಾಸ್ತಿ ಅಂದರೆ ಕೆಲವು ನೂರು. ಊರಿಗೆ ಆಸ್ತಿ ತೆರಿಗೆ ಬರುತ್ತದೆ, ವಿನಾಯಿತಿ ಕೊಟ್ಟು ಉಳಿದದ್ದಾದರೂ ಬರುತ್ತದೆ. ಅದು ಸಣ್ಣ ಮಾತಲ್ಲ. ಶಾಲೆ, ರಸ್ತೆಗೆ ದುಡ್ಡು ಸಿಕ್ಕರೆ ಯಾರಿಗೆ ಬೇಡ? ಆದರೆ ಇದು ತಂತ್ರಜ್ಞಾನದ ಆರ್ಥಿಕತೆ ಅನ್ನುವುದಕ್ಕಿಂತ ಜಾಗ ಮತ್ತು ಕರೆಂಟಿನ ಬಾಡಿಗೆ. ಆ ಸರ್ವರ್ ಒಳಗೆ ಏನು ಓಡಬೇಕು ಅನ್ನುವ ತೀರ್ಮಾನ ಕ್ವಿನ್ಸಿಯಲ್ಲಿ ಆಗುವುದಿಲ್ಲ. ಅದನ್ನು ಅಲ್ಲಿನ ಹುಡುಗರು ಕಲಿಯುವ ದಾರಿಯೂ ಇಲ್ಲ.

ಈಗ ಬೇರೆ ಒಂದು ಕಡೆ ಹೋಗೋಣ. ಫಿನ್ಲೆಂಡಿನ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಸ್ವಲ್ಪವೇ ಕೆಳಗೆ ಔಲು ಎಂಬ ಪಟ್ಟಣವಿದೆ. 19ನೇ ಶತಮಾನದಲ್ಲಿ ಅದು ಟಾರ್ ರಫ್ತಿಗೆ ಹೆಸರಾಗಿತ್ತು. ಪೈನ್ ಮರದಿಂದ ಇಳಿಸಿದ, ಹಡಗಿಗೆ ಬಳಿಯುವ ಕಪ್ಪು ಅಂಟು ಅದು. ಆಮೇಲೆ ಮರ, ಕಾಗದ. ಸುತ್ತ ಕಾಡು, ಹಿಮ, ದೂರ ದೂರದ ಹಳ್ಳಿಗಳು. 1958ರಲ್ಲಿ ಸರ್ಕಾರ ಅಲ್ಲಿ ಒಂದು ವಿಶ್ವವಿದ್ಯಾಲಯ ಸ್ಥಾಪಿಸಿತು. 1960ರ ದಶಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗ ಬಂತು. 1974ರಲ್ಲಿ ದೇಶದ ತಾಂತ್ರಿಕ ಸಂಶೋಧನಾ ಕೇಂದ್ರ ವಿಟಿಟಿ ತನ್ನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯವನ್ನು ಅಲ್ಲಿ ತೆರೆಯಿತು. 1982ರಲ್ಲಿ ಒಂದು ತಂತ್ರಜ್ಞಾನ ಗ್ರಾಮ, ಅಂದರೆ ಟೆಕ್ ಕಂಪನಿಗಳಿಗೆಂದೇ ಕಟ್ಟಿದ ಜಾಗ, ಶುರುವಾಯಿತು. ಈ ಇಸವಿಗಳನ್ನು ಬೇಕೆಂದೇ ಒಂದರ ಕೆಳಗೊಂದು ಇಡುತ್ತಿದ್ದೇನೆ. ಮೊದಲನೆಯದರಿಂದ ಕೊನೆಯದಕ್ಕೆ 24 ವರ್ಷ. ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವವರು ಇಷ್ಟು ಕಾಯುವುದು ಕಷ್ಟ, ಅಲ್ವಾ?

ಈ ನಡುವೆ ಒಂದು ಚೆಂದದ ಘಟನೆ ನಡೆಯಿತು. ಔಲು ವಿಶ್ವವಿದ್ಯಾಲಯದ ಪ್ರೊಫೆಸರ್ ಸೆಪ್ಪೊ ಸೈನಾಯಕಂಗಸ್ ಅವರಿಗೆ ಸ್ಕೀಯಿಂಗ್ ಮಾಡುವವರ ಎದೆಬಡಿತವನ್ನು ಓಡುತ್ತಿರುವಾಗಲೇ ಅಳೆಯುವ ಸಾಧನ ಬೇಕು ಅನ್ನಿಸಿತು. ಆಗಿನ ಯಂತ್ರಗಳನ್ನು ಹೊತ್ತುಕೊಂಡು ಹಿಮದಲ್ಲಿ ಜಾರಲು ಸಾಧ್ಯವೇ ಇರಲಿಲ್ಲ. 1977ರಲ್ಲಿ ಅವರು ಪೋಲಾರ್ ಎಂಬ ಕಂಪನಿ ಕಟ್ಟಿದರು, ಔಲು ಪಕ್ಕದ ಕೆಂಪೆಲೆಯಲ್ಲಿ. 1980ರ ದಶಕದ ಶುರುವಿನಲ್ಲೇ ತಂತಿ ಇಲ್ಲದ, ಮೈಮೇಲೆ ಕಟ್ಟಿಕೊಳ್ಳುವ ಎದೆಬಡಿತ ಮಾಪಕ ಮಾರುಕಟ್ಟೆಗೆ ಬಂತು. ಸ್ಮಾರ್ಟ್‌ವಾಚು ಎಂಬ ಮಾತು ಹುಟ್ಟುವುದಕ್ಕೂ ಎಷ್ಟೋ ಮೊದಲು. ಹಿಮದ ನಾಡಿನ ತೊಂದರೆ, ಹಿಮದ ನಾಡಿನವರೇ ಹುಡುಕಿದ ಉತ್ತರ, ಗಿರಾಕಿ ಮಾತ್ರ ಜಗತ್ತಿನ ತುಂಬ.

ಆಮೇಲೆ ಬಂದದ್ದು ನೋಕಿಯಾ ಯುಗ. ರೇಡಿಯೊ ತಂತ್ರಜ್ಞಾನ ಕಲಿತ ಎಂಜಿನಿಯರುಗಳು ಅಲ್ಲಿದ್ದರು, ನೋಕಿಯಾ ಅಲ್ಲಿ ಬೆಳೆಯಿತು. ಮೊಬೈಲ್ ಮತ್ತು ಅದರ ಟವರ್‌ಗಳಿಗೆ ಬೇಕಾದ ಎಷ್ಟೋ ಕೆಲಸ ಔಲುವಿನಲ್ಲೇ ನಡೆಯಿತು. ಮುಂದಿನದು ಎಲ್ಲರಿಗೂ ಗೊತ್ತು. ಐಫೋನ್, ಆಂಡ್ರಾಯ್ಡ್ ಬಂದವು. ನೋಕಿಯಾದ ಫೋನ್ ವ್ಯವಹಾರ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಕೈಗೆ ಹೋಯಿತು. ಜುಲೈನಲ್ಲಿ ಔಲುವಿನ ಫೋನ್ ಅಭಿವೃದ್ಧಿ ಕೇಂದ್ರವನ್ನೇ ಮುಚ್ಚುತ್ತೇವೆ ಎಂಬ ಸುದ್ದಿ ಬಂತು. ಸುಮಾರು 500 ಕೆಲಸ ಒಂದೇ ಏಟಿಗೆ ಹೋದವು. ಅದಕ್ಕೆ ಮೊದಲೂ ಹೋಗಿದ್ದವು.

ನನ್ನ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಏನು ಉಳಿಯಿತು? ರೇಡಿಯೊ ಸಿಗ್ನಲ್ಲನ್ನು ಅಂಗೈ ಗೆರೆಯಷ್ಟು ಬಲ್ಲ ಸಾವಿರಾರು ಜನ ಉಳಿದರು. ಅವರಿಗಾಗಿಯೇ ಬೇರೆ ಕಂಪನಿಗಳು ಬಂದವು. ಚಿಪ್ ಮಾಡುವ ತೈವಾನಿನ ಮೀಡಿಯಾಟೆಕ್ ಬಂತು, ನಾರ್ವೆಯ ನಾರ್ಡಿಕ್ ಸೆಮಿಕಂಡಕ್ಟರ್ ಬಂತು. ನಿದ್ದೆ, ಎದೆಬಡಿತ ಅಳೆಯುವ, ಬೆರಳಿಗೆ ಹಾಕಿಕೊಳ್ಳುವ ಊರಾ ಉಂಗುರ 2013ರಲ್ಲಿ ಅಲ್ಲೇ ಶುರುವಾಯಿತು. 2018ರಲ್ಲಿ ವಿಶ್ವವಿದ್ಯಾಲಯ ಮುಂದಿನ ಪೀಳಿಗೆಯ ಮೊಬೈಲ್ ಜಾಲವಾದ 6ಜಿ ಸಂಶೋಧನೆಯ ದೊಡ್ಡ ಯೋಜನೆ ಹಿಡಿಯಿತು. ನೋಕಿಯಾ ಕೂಡ ಒಂದು ಒಳ್ಳೆಯ ಕೆಲಸ ಮಾಡಿತ್ತು. 2011ರಲ್ಲಿ ಶುರುವಾದ ಬ್ರಿಜ್ ಎಂಬ ಯೋಜನೆಯಲ್ಲಿ, ಕೆಲಸ ಕಳೆದುಕೊಂಡವರು ಸ್ವಂತ ಕಂಪನಿ ಶುರು ಮಾಡಿದರೆ ತಲೆಗೆ 25,000 ಯೂರೋವರೆಗೆ ಕೊಡುತ್ತಿತ್ತು. ಹಾಗಂತ ನೋವೇ ಆಗಲಿಲ್ಲ ಎಂದಲ್ಲ. ನಿರುದ್ಯೋಗ ಏರಿತು, ಮನೆ ಸಾಲ ಇದ್ದವರು ಒದ್ದಾಡಿದರು. ಆದರೆ ಊರು ಬರಿದಾಗಲಿಲ್ಲ. ಯಾಕೆಂದರೆ 1958ರಿಂದ ಅಲ್ಲಿ ಕೂಡಿಟ್ಟದ್ದು ನೋಕಿಯಾದ ಸೊತ್ತಾಗಿರಲಿಲ್ಲ.

ಇಷ್ಟು ಹೇಳಿದರೆ "ಸರಿ ಬಿಡಿ, ವಿಶ್ವವಿದ್ಯಾಲಯ ಕಟ್ಟಿದರೆ ಆಯಿತು" ಅನ್ನುತ್ತಾರೆ. ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. ನನಗೆ ತುಂಬ ಇಷ್ಟವಾದ ಕತೆಯಲ್ಲಿ ವಿಶ್ವವಿದ್ಯಾಲಯ ಹೆಚ್ಚುಕಡಿಮೆ ಪಕ್ಕದ ಪಾತ್ರ. ಮುಂದೆ ಇರುವವರು ಕಮ್ಮಾರರು, ಬಡಗಿಗಳು, ಮೇಷ್ಟರುಗಳು.

ಡೆನ್ಮಾರ್ಕಿನ ಪಶ್ಚಿಮ ಭಾಗ ಜಟ್ಲೆಂಡ್. ಬಯಲು, ಗಾಳಿ, ಹೈನುಗಾರಿಕೆ. ಅಲ್ಲಿ ಆಸ್ಕೊವ್ ಎಂಬಲ್ಲಿ ಒಂದು ಜಾನಪದ ಪ್ರೌಢಶಾಲೆ ಇತ್ತು. ರೈತರ ಮಕ್ಕಳು ಪರೀಕ್ಷೆಯ ಹಂಗಿಲ್ಲದೆ ಬಂದು ಕಲಿತು ಹೋಗುವ ಶಾಲೆ. ಅಲ್ಲಿ ಪಾಠ ಮಾಡುತ್ತಿದ್ದ ಪೌಲ್ ಲಾ ಕೂರ್ 1891ರಲ್ಲಿ ಸರ್ಕಾರದ ನೆರವಿನಿಂದ ಒಂದು ಗಾಳಿಯಂತ್ರ ಕಟ್ಟಿ ಅದರಿಂದ ವಿದ್ಯುತ್ ತೆಗೆಯಲು ತೊಡಗಿದರು. ಆ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ, ಅದನ್ನು ಕೂಡಿಟ್ಟು, ಶಾಲೆಗೆ ದೀಪ ಉರಿಸಿದರು. ಇವತ್ತು ನಾವು ಹಸಿರು ಹೈಡ್ರೋಜನ್ ಎಂದು ದೊಡ್ಡದಾಗಿ ಮಾತಾಡುತ್ತೇವೆ, ಅದನ್ನೇ! ಆದರೆ ಅವರ ದೊಡ್ಡ ಕೆಲಸ ಇನ್ನೊಂದು. 1904ರ ಹೊತ್ತಿಗೆ ಅವರು ಹಳ್ಳಿ ಹುಡುಗರಿಗೆ ಎಲೆಕ್ಟ್ರಿಷಿಯನ್ ತರಬೇತಿ ಶುರು ಮಾಡಿದರು. ಹಳ್ಳಿಯ ವಿದ್ಯುತ್ ಕೇಂದ್ರ ನಡೆಸಲು ಹಳ್ಳಿಯವನೇ ಬೇಕು ಎಂಬುದು ಅವರ ಲೆಕ್ಕ.

ಆ ತರಬೇತಿಯಲ್ಲಿ ಕಲಿತವರಲ್ಲಿ ಯೊಹಾನೆಸ್ ಯೂಲ್ ಒಬ್ಬರು. ಬದುಕಿನ ಬಹುಪಾಲು ವಿದ್ಯುತ್ ಕಂಪನಿಯಲ್ಲಿ ದುಡಿದ ಈ ಮನುಷ್ಯ, 1957ರಲ್ಲಿ ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟ್‌ನ ಟರ್ಬೈನ್ ನಿಲ್ಲಿಸಿದರು. ಮೂರು ರೆಕ್ಕೆ, ಸರಳ ರಚನೆ. ಹೆಚ್ಚೇನೂ ರಿಪೇರಿ ಬೇಡದೆ ಹತ್ತು ವರ್ಷ ಓಡಿತು. ಆಮೇಲೆ ತೈಲ ಅಗ್ಗ, ಗಾಳಿ ಯಾರಿಗೂ ಬೇಡ. 1967ರಲ್ಲಿ ನಿಲ್ಲಿಸಿದರು.

1973ರಲ್ಲಿ ತೈಲ ಬಿಕ್ಕಟ್ಟು ಬಂತು. ಡೆನ್ಮಾರ್ಕ್ ಆಗ ತನಗೆ ಬೇಕಾದ ಶಕ್ತಿಯಲ್ಲಿ ಬಹುಪಾಲನ್ನು ಹೊರಗಿನ ತೈಲದಿಂದ ಪಡೆಯುತ್ತಿತ್ತು. ಸರ್ಕಾರಗಳು, ದೊಡ್ಡ ಕಂಪನಿಗಳು ಯೋಚನೆಗೆ ಬಿದ್ದವು. ಅಮೆರಿಕದಲ್ಲಿ ನಾಸಾ, ಬೋಯಿಂಗ್, ಜನರಲ್ ಎಲೆಕ್ಟ್ರಿಕ್‌ನಂಥವರು ವಿಮಾನದ ತಜ್ಞರನ್ನು ಕೂರಿಸಿಕೊಂಡು ದೈತ್ಯ ಟರ್ಬೈನ್‌ಗಳ ನಕ್ಷೆ ಬಿಡಿಸಿದರು. ಜರ್ಮನಿ ಗ್ರೋವಿಯನ್ ಎಂಬ 3 ಮೆಗಾವ್ಯಾಟ್‌ನ ಯಂತ್ರ ಕಟ್ಟಿತು. 1983ರಲ್ಲಿ ಅದು ತಿರುಗಲು ಶುರುವಾಯಿತು. ತಿರುಗಿದ್ದಕ್ಕಿಂತ ಕೆಟ್ಟು ನಿಂತದ್ದೇ ಜಾಸ್ತಿ. 1988ರಲ್ಲಿ ಕಳಚಿ ಹಾಕಿದರು.

ಅದೇ ಹೊತ್ತಿಗೆ ಜಟ್ಲೆಂಡಿನಲ್ಲಿ ಕ್ರಿಸ್ಟಿಯನ್ ರೀಸಗರ್ ಎಂಬ ಬಡಗಿ ಗೆಡ್ಸರ್ ಯಂತ್ರದ ಜಾಡು ಹಿಡಿದು ಸಣ್ಣ ಟರ್ಬೈನ್ ಮಾಡಿ ಮಾರುತ್ತಿದ್ದ. ಟ್ವಿಂಡ್ ಎಂಬ ಕಡೆ ಶಾಲೆಯ ಮೇಷ್ಟರು, ವಿದ್ಯಾರ್ಥಿಗಳು, ಸ್ವಯಂಸೇವಕರು ಸೇರಿ 1978ರಲ್ಲಿ ಆ ಕಾಲದ ಅತಿ ದೊಡ್ಡ ಟರ್ಬೈನ್‌ಗಳಲ್ಲಿ ಒಂದನ್ನು ತಾವೇ ನಿಲ್ಲಿಸಿದರು. ಅದು ದಶಕಗಳ ಕಾಲ ತಿರುಗಿತು. ಕಾರ್ಲ್ ಎರಿಕ್ ಯೋರ್ಗೆನ್‌ಸೆನ್ ಎಂಬ ಕಮ್ಮಾರ, ಹೆನ್ರಿಕ್ ಸ್ಟೀಸ್ಡಲ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗ ಸೇರಿ ಇನ್ನೊಂದು ರಚನೆ ಮಾಡಿದರು. 1979ರಲ್ಲಿ ಅದರ ಪರವಾನಗಿಯನ್ನು ಲೆಮ್ ಎಂಬ ಸಣ್ಣ ಊರಿನ ಕಂಪನಿಯೊಂದು ಕೊಂಡುಕೊಂಡಿತು. ಅದೂ 1898ರಲ್ಲಿ ಕಮ್ಮಾರನ ಕುಲುಮೆಯಿಂದ ಹುಟ್ಟಿದ ಮನೆತನದ್ದು. ಕೃಷಿ ಗಾಡಿ, ಕ್ರೇನು ಮಾಡುತ್ತಿತ್ತು. ಹೆಸರು ವೆಸ್ಟಾಸ್. ಇವತ್ತು ಜಗತ್ತಿನ ಅತಿ ದೊಡ್ಡ ಗಾಳಿಯಂತ್ರ ಕಂಪನಿಗಳಲ್ಲಿ ಒಂದು.

ನಾಸಾದವರಿಗೆ ಬಾರದ್ದು ಕಮ್ಮಾರರಿಗೆ ಹೇಗೆ ಬಂತು? ಇದನ್ನು ಹಳ್ಳಿಯ ಜಾಣ್ಮೆಯ ಜಾತ್ರೆ ಮಾಡುವುದು ಬೇಡ. ಕಾರಣಗಳು ಸಾದಾ ಇವೆ. ಅವರು ಸಣ್ಣದರಿಂದ ಶುರು ಮಾಡಿದರು, ಮುರಿದದ್ದನ್ನು ಬಿಚ್ಚಿ ನೋಡಿ ಮುಂದಿನದನ್ನು ಸ್ವಲ್ಪ ದೊಡ್ಡದು ಮಾಡಿದರು. ಕೃಷಿ ಯಂತ್ರ ಮಾಡಿ ಗೊತ್ತಿದ್ದರಿಂದ, ಗಟ್ಟಿ ಇರಬೇಕು, ಆಮೇಲೆ ಹಗುರ ಎಂಬ ಬುದ್ಧಿ ಇತ್ತು. ವಿಮಾನದವರದು ತಿರುಗಾಮುರುಗಾ. ಕೊಂಡವನು ಪಕ್ಕದ ಊರಿನ ರೈತ. ಕೆಟ್ಟರೆ ನೇರ ಮನೆ ಬಾಗಿಲಿಗೆ ಬರುತ್ತಿದ್ದ. 1978ರಲ್ಲಿ ಟರ್ಬೈನ್ ಮಾಲೀಕರೇ ಒಂದು ಸಂಘ ಕಟ್ಟಿಕೊಂಡರು. ಯಾವ ಕಂಪನಿಯ ಯಂತ್ರ ಎಷ್ಟು ವಿದ್ಯುತ್ ಕೊಟ್ಟಿತು, ಯಾವುದು ಕೆಟ್ಟಿತು ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಕಳಪೆ ಮಾಡಿದವನಿಗೆ ಅಡಗಿಕೊಳ್ಳಲು ಜಾಗವೇ ಇರಲಿಲ್ಲ. ಸರ್ಕಾರವೂ ಅದೇ ವರ್ಷ ರಿಸೊ ಎಂಬಲ್ಲಿ ಪರೀಕ್ಷಾ ಕೇಂದ್ರ ತೆರೆಯಿತು. 1979ರಿಂದ ಟರ್ಬೈನ್ ಕೊಳ್ಳುವವರಿಗೆ ಶೇ. 30 ಸಹಾಯಧನ ಕೊಟ್ಟಿತು. ಷರತ್ತು ಒಂದೇ, ಯಂತ್ರ ರಿಸೊದಲ್ಲಿ ಪಾಸಾಗಿರಬೇಕು. ಸರ್ಕಾರ ದುಡ್ಡು ಕೊಟ್ಟದ್ದು ತಯಾರಕನಿಗಲ್ಲ, ಕೊಳ್ಳುವವನಿಗೆ. ಇದು ನನಗೆ ಬಹಳ ಜಾಣತನದ ತೀರ್ಮಾನ ಅನ್ನಿಸುತ್ತದೆ. ಗಿರಾಕಿಯ ಕೈಗೆ ದುಡ್ಡು ಕೊಟ್ಟರೆ ಅವನು ಒಳ್ಳೆಯದನ್ನೇ ಹುಡುಕುತ್ತಾನೆ. ಕಂಪನಿಯ ಕೈಗೆ ಕೊಟ್ಟರೆ ಕಂಪನಿ ಮುಂದಿನ ಸಹಾಯಧನ ಹುಡುಕುತ್ತದೆ.

ಇಲ್ಲೂ ಬಾಗಿಲು ಮುಚ್ಚಿದ ದಿನ ಬಂತು. 1980ರ ದಶಕದ ಮೊದಲರ್ಧದಲ್ಲಿ ಕ್ಯಾಲಿಫೋರ್ನಿಯಾದ ತೆರಿಗೆ ವಿನಾಯಿತಿಯಿಂದ ಡೆನ್ಮಾರ್ಕಿನ ಟರ್ಬೈನ್‌ಗಳಿಗೆ ಭಾರಿ ಬೇಡಿಕೆ ಹುಟ್ಟಿತ್ತು. ವಿನಾಯಿತಿ ಮುಗಿಯಿತು, ಬೇಡಿಕೆ ಬಿತ್ತು, 1986ರಲ್ಲಿ ವೆಸ್ಟಾಸ್ ದಿವಾಳಿಯಾಯಿತು. ಮರುವರ್ಷ ಗಾಳಿಯಂತ್ರದ ಭಾಗವನ್ನಷ್ಟೇ ಇಟ್ಟುಕೊಂಡು ಮತ್ತೆ ಶುರುವಾಯಿತು. ಕುಲುಮೆಗಳು, ಕೆಲಸಗಾರರು, ರಿಸೊದ ಎಂಜಿನಿಯರುಗಳು, ಮಾಲೀಕರ ಸಂಘ ಎಲ್ಲ ಅಲ್ಲೇ ಇದ್ದವು.

ಕಲಿಸುವ ವಿಷಯಕ್ಕೆ ಬರುತ್ತೇನೆ. ಇದರ ಮೇಲೆ ನನಗೆ ಸ್ವಲ್ಪ ಸಿಟ್ಟೂ ಇದೆ. ಕಲ್ಲಿದ್ದಲು ಗಣಿ ಮುಚ್ಚಿದ ಕಡೆ, ಬೇಸಾಯ ಕೈಕೊಟ್ಟ ಕಡೆ, "ಎಲ್ಲರೂ ಕೋಡಿಂಗ್ ಕಲಿಯಿರಿ" ಎಂಬ ಮಂತ್ರ ಹೇಳಿ ಮೂರು ತಿಂಗಳ ಶಿಬಿರ ಮಾಡುತ್ತಾರೆ. ಸರ್ಟಿಫಿಕೇಟ್ ಕೊಡುತ್ತಾರೆ. ಕೆಲಸ ಎಲ್ಲಿ ಅಂದರೆ, ಬಸ್ಸು ಹತ್ತಿ ಅನ್ನುತ್ತಾರೆ. ಅಮೆರಿಕದ ಕೆಂಟುಕಿಯ ಪೈಕ್‌ವಿಲ್‌ನಲ್ಲಿ 2015ರಲ್ಲಿ ಬಿಟ್ ಸೋರ್ಸ್ ಎಂಬ ಸಣ್ಣ ಸಾಫ್ಟ್‌ವೇರ್ ಕಂಪನಿ ಕಲ್ಲಿದ್ದಲು ಉದ್ಯಮದಿಂದ ಬಂದವರನ್ನು ಪ್ರೋಗ್ರಾಮರ್ ಮಾಡುತ್ತೇವೆ ಎಂದು ಜಾಹೀರಾತು ಕೊಟ್ಟಾಗ 900ಕ್ಕೂ ಜಾಸ್ತಿ ಅರ್ಜಿ ಬಂದವು. ತೆಗೆದುಕೊಂಡದ್ದು ಹತ್ತು ಹನ್ನೊಂದು ಜನರನ್ನು. ಅಲ್ಲಿ ಕಲಿಯಲು ಮನಸ್ಸಿದ್ದವರಿಗೆ ಬರ ಇರಲಿಲ್ಲ ಅನ್ನುವುದು ಅರ್ಜಿಗಳ ರಾಶಿಯಿಂದಲೇ ಗೊತ್ತಾಗುತ್ತದೆ. ಗಣಿಯಲ್ಲಿ ಕೆಲಸ ಮಾಡಿದವನು ಹೈಡ್ರಾಲಿಕ್ಸ್, ಮೋಟಾರು, ಸೆನ್ಸರು ಎಲ್ಲ ಬಲ್ಲವನು. ಅವನಿಗೆ ಕಮ್ಮಿಯಿದ್ದದ್ದು ಆ ಊರಲ್ಲಿ ಸಂಬಳ ಕೊಡುವ ಗಿರಾಕಿ.

ಇದಕ್ಕೆ ಎದುರು ಇಡಬಹುದಾದದ್ದು ಸ್ಪೇನಿನ ಬಾಸ್ಕ್ ಬೆಟ್ಟಗಳ ನಡುವಿನ ಮೊಂಡ್ರಗಾನ್. ಕೆಲಸಗಾರರೇ ಒಡೆಯರಾದ ಸಹಕಾರಿ ಕಂಪನಿಗಳ ಊರು ಅದು. 1941ರಲ್ಲಿ ಅಲ್ಲಿಗೆ ಬಂದ ಪಾದ್ರಿ ಅರಿಸ್ಮೆಂಡಿಯರಿಯೆಟಾ 1943ರಲ್ಲಿ ಒಂದು ತಾಂತ್ರಿಕ ಶಾಲೆ ತೆರೆದರು. ಕಂಪನಿ ಬಂದದ್ದು 1956ರಲ್ಲಿ, ಆ ಶಾಲೆಯಲ್ಲಿ ಕಲಿತ ಐದು ಜನರಿಂದ. 1959ರಲ್ಲಿ ತಮ್ಮದೇ ಬ್ಯಾಂಕು, 1974ರಲ್ಲಿ ತಮ್ಮದೇ ಸಂಶೋಧನಾ ಕೇಂದ್ರ. ಮೊದಲು ಶಾಲೆ, ಹದಿಮೂರು ವರ್ಷದ ಮೇಲೆ ಕಂಪನಿ. ನಾವು ಸಾಮಾನ್ಯವಾಗಿ ಮಾಡುವುದು ಉಲ್ಟಾ. ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಅವರಿಗೆ ಬೇಕಾದಷ್ಟನ್ನೇ ಕಲಿಸುತ್ತೇವೆ. 2013ರಲ್ಲಿ ಅವರ ಅತಿ ಹಳೆಯ ಘಟಕ, ಫ್ರಿಜ್ಜು ವಾಷಿಂಗ್ ಮಷಿನ್ ಮಾಡುವ ಫಾಗೋರ್, ದಿವಾಳಿ ಎದ್ದಿತು. ಅಲ್ಲಿನ ಎಷ್ಟೋ ಸದಸ್ಯರನ್ನು ಉಳಿದ ಸಹಕಾರಿ ಘಟಕಗಳು ತಮ್ಮಲ್ಲಿ ಸೇರಿಸಿಕೊಂಡವು.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ತಮಿಳುನಾಡಿನ ತೆಂಕಾಶಿ ಹತ್ತಿರ ಝೋಹೊ ಎಂಬ ಸಾಫ್ಟ್‌ವೇರ್ ಕಂಪನಿಯ ಕಚೇರಿ ಇದೆ, 2011ರಿಂದ. ಪದವಿ ಇಲ್ಲದ ಹುಡುಗ ಹುಡುಗಿಯರಿಗೆ ಭತ್ಯೆ ಕೊಟ್ಟು ಕಲಿಸುವ ಶಾಲೆಯನ್ನು ಆ ಕಂಪನಿ ಅದಕ್ಕೂ ಮೊದಲಿನಿಂದ ನಡೆಸುತ್ತಿತ್ತು. ನನಗೆ ಮೆಚ್ಚುಗೆಯಾಗುವುದು ಅಲ್ಲಿ ಕಾಲ್ ಸೆಂಟರ್ ಇಡದೆ ಪ್ರಾಡಕ್ಟ್ ಕಟ್ಟುವ ಕೆಲಸವನ್ನೇ ಇಟ್ಟದ್ದು. ಆದರೂ ನನ್ನ ಪ್ರಶ್ನೆ ಅಲ್ಲಿಗೂ ಅನ್ವಯಿಸುತ್ತದೆ. ಒಂದೇ ಕಂಪನಿಯ ಮೇಲೆ ನಿಂತಿರುವಾಗ ಅಲ್ಲಿ ಕಲಿತವರು ಹೊರಬಂದು ಅದೇ ಸೀಮೆಯಲ್ಲಿ ಬೇರೆ ಕಂಪನಿಗಳನ್ನು ಕಟ್ಟಿದಾಗಲೇ ಉತ್ತರ ಗೊತ್ತಾಗುವುದು.

ಗಿರಾಕಿಯ ಮಾತು ಬಂತಲ್ಲ, ಚೀನಾದ ಕತೆ ಹೇಳದೆ ಇರಲಾಗುವುದಿಲ್ಲ. ಜಿಯಾಂಗ್‌ಸು ಪ್ರಾಂತ್ಯದ ಶಾಜಿ ಎಂಬ ಪಟ್ಟಣಕ್ಕೆ ಸೇರಿದ ಹಳ್ಳಿ ಡಾಂಗ್‌ಫೆಂಗ್. ಹಳೆ ಪ್ಲಾಸ್ಟಿಕ್ ಕೂಡಿಸಿ ಮಾರುವುದು ಅಲ್ಲಿನವರ ಕಸುಬಾಗಿತ್ತು. 2006ರ ಹೊತ್ತಿಗೆ ನಗರದಿಂದ ವಾಪಸ್ ಬಂದ ಯುವಕನೊಬ್ಬ ಸರಳವಾದ ಮರದ ಕಪಾಟು ಮಾಡಿ ಟಾವ್‌ಬಾವ್ ಜಾಲತಾಣದಲ್ಲಿ ಮಾರಲು ಶುರು ಮಾಡಿದ. ಪಕ್ಕದ ಮನೆಯವನು ನೋಡಿದ, ಅವನ ಪಕ್ಕದವನು ನೋಡಿದ. ಕೆಲವೇ ವರ್ಷದಲ್ಲಿ ಊರೆಲ್ಲ ಪೀಠೋಪಕರಣದ ಕಾರ್ಖಾನೆ, ಪ್ಯಾಕಿಂಗ್, ಕೊರಿಯರ್. ಆನ್‌ಲೈನ್ ವ್ಯಾಪಾರ ಒಂದು ಮಟ್ಟ ಮುಟ್ಟಿದ ಇಂಥ ಹಳ್ಳಿಗಳನ್ನು ಆ ಜಾಲತಾಣದ ಒಡೆಯ ಕಂಪನಿ ಅಲಿಬಾಬಾ ಟಾವ್‌ಬಾವ್ ಹಳ್ಳಿ ಎಂದು ಕರೆಯಿತು. 2009ರಲ್ಲಿ ಇಂಥವು 3 ಇದ್ದವು, 2014ರಲ್ಲಿ 212, 2020ರಲ್ಲಿ 5,425. ಇಷ್ಟು ವೇಗದಲ್ಲಿ ಇದು ಹಬ್ಬಿತು. ಆದರೆ ಎಲ್ಲರೂ ಒಬ್ಬರನ್ನೊಬ್ಬರು ನಕಲು ಮಾಡಿದ್ದರಿಂದ ಬೆಲೆ ಇಳಿಸುವ ಪೈಪೋಟಿ ಹುಟ್ಟಿತು. ಅಂಗಡಿಯ ಬೀಗದ ಕೈ ಇದ್ದದ್ದು ಹಳ್ಳಿಯಿಂದ ಬಹು ದೂರದ, ಅಲಿಬಾಬಾ ಕಚೇರಿಯಿರುವ ಹಾಂಗ್‌ಝೌನಲ್ಲಿ. ಹುಡುಕಿದಾಗ ಯಾವ ಕಪಾಟು ಮೇಲೆ ಕಾಣಬೇಕು ಎಂಬುದನ್ನು ತೀರ್ಮಾನಿಸುವುದು ಡಾಂಗ್‌ಫೆಂಗ್ ಅಲ್ಲ.

ಇನ್ನು ಕೇರಳದ ಮೀನುಗಾರರ ಕತೆ ತೀರಾ ಬೇರೆ ಥರದ್ದು, ಅಲ್ಲಿ ಒಂದೇ ಒಂದು ಟೆಕ್ ಕೆಲಸವೂ ಹುಟ್ಟಲಿಲ್ಲ. 1997ರಿಂದ 2001ರ ನಡುವೆ ಅಲ್ಲಿನ ಉತ್ತರ ಕರಾವಳಿಗೆ ಮೊಬೈಲ್ ಟವರ್‌ಗಳು ಬಂದವು. ಅದಕ್ಕೆ ಮೊದಲು ಒಂದು ದಂಡೆಯಲ್ಲಿ ಕೊಳ್ಳುವವರಿಲ್ಲದೆ ಬೈಗೆ ಎಂಬ ಜಾತಿಯ ಮೀನನ್ನು ಸಮುದ್ರಕ್ಕೇ ಸುರಿಯುತ್ತಿದ್ದರು. ಹದಿನೈದು ಕಿಲೋಮೀಟರ್ ಆಚೆಯ ದಂಡೆಯಲ್ಲಿ ಮೀನಿಲ್ಲದೆ ಗಿರಾಕಿಗಳು ವಾಪಸ್ ಹೋಗುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯಿಂದಲೇ ದರ ಕೇಳಿ ದಂಡೆ ಆರಿಸಿಕೊಂಡರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್‌ಸೆನ್ ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಮೀನುಗಾರರ ಲಾಭ ಸುಮಾರು ಶೇ. 8 ಏರಿತ್ತು, ಕೊಳ್ಳುವವರಿಗೆ ಬೆಲೆ ಸುಮಾರು ಶೇ. 4 ಇಳಿದಿತ್ತು, ಮೀನು ಬಿಸಾಡುವುದು ನಿಂತೇಹೋಗಿತ್ತು. ಯೋಜನೆ ಬರೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾಕೆಂದರೆ ಇಲ್ಲಿ ರಿಬ್ಬನ್ ಕತ್ತರಿಸಲು ಕಟ್ಟಡವಿಲ್ಲ. ನನ್ನ ಕೇಳಿದರೆ ಹಳ್ಳಿಗಾಡಿನ ಮೊದಲ ತಂತ್ರಜ್ಞಾನ ಅಲ್ಲಿ ಈಗಾಗಲೇ ಇರುವ ಕಸುಬಿನೊಳಗೇ ಹೋಗಬೇಕು. ಅದು ಕೆಲಸ ಕಡಿಮೆಯೂ ಮಾಡಬಹುದು ಎಂಬುದು ನಿಜ. ಹಾಲು ಕರೆಯುವ ರೋಬೋಟ್ ಬಂದ ಕೊಟ್ಟಿಗೆಯಲ್ಲಿ ಆಳು ಬೇಕಾಗುವುದಿಲ್ಲ. ಆದರೆ ಆ ರೋಬೋಟ್ ರಿಪೇರಿ ಮಾಡುವವನು, ಅದರ ಮುಂದಿನ ಮಾದರಿಗೆ ಸಲಹೆ ಕೊಡುವವನು ಅಲ್ಲೇ ಇದ್ದರೆ ಕತೆ ಮುಂದೆ ಹೋಗುತ್ತದೆ.

ಇಷ್ಟೆಲ್ಲ ಹೇಳಿ ಒಂದು ಕಹಿ ಮಾತು ಬಿಟ್ಟರೆ ಸರಿಯಾಗುವುದಿಲ್ಲ. ಅಮೆರಿಕದ ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಸಂಶೋಧನಾ ಕಂಪನಿಗಳ ಬಡಾವಣೆಯನ್ನು ಎಲ್ಲರೂ ಮಾದರಿ ಎನ್ನುತ್ತಾರೆ. ತಂಬಾಕು, ಬಟ್ಟೆ ಗಿರಣಿ, ಮರದ ಸಾಮಾನು ನಂಬಿದ್ದ ಬಡ ರಾಜ್ಯ ಅದು. ಮೂರು ವಿಶ್ವವಿದ್ಯಾಲಯಗಳ ನಡುವಿನ ಪೈನ್ ಕಾಡಿನಲ್ಲಿ 1959ರಲ್ಲಿ ಪಾರ್ಕ್ ಶುರುವಾಯಿತು. ಮೊದಲು ಲಾಭಕ್ಕೆಂದು ಮಾಡಲು ಹೊರಟರು, ಷೇರು ಕೊಳ್ಳುವವರೇ ಇರಲಿಲ್ಲ. ಆರ್ಚಿ ಡೇವಿಸ್ ಎಂಬ ಬ್ಯಾಂಕರ್ ಲಾಭದ ಮಾತು ಬಿಟ್ಟು ದೇಣಿಗೆ ಎತ್ತಿದ ಮೇಲೆ ಅದು ನಿಂತಿತು. ಮುಂದಿನ ಐದಾರು ವರ್ಷ ಹೆಚ್ಚುಕಡಿಮೆ ಖಾಲಿ. 1965ರಲ್ಲಿ ಐಬಿಎಂ ಬರುವುದು ಗೊತ್ತಾದ ಮೇಲೆ ಚಿತ್ರ ಬದಲಾಯಿತು. ಇವತ್ತು ಅದು ದೊಡ್ಡ ಯಶಸ್ಸು. ಆದರೆ ಅದೇ ರಾಜ್ಯದ ಪೂರ್ವದ ಹಳ್ಳಿ ಜಿಲ್ಲೆಗಳು ಇವತ್ತೂ ಬಡವೇ. ಔಲುವಿನಿಂದ ಆಚೆಯ ಕಾಡಿನ ಹಳ್ಳಿಗಳಿಂದಲೂ ಜನ ಖಾಲಿಯಾಗುತ್ತಲೇ ಇದ್ದಾರೆ. ಹಳ್ಳಿಗಾಡಿನ ತಂತ್ರಜ್ಞಾನದ ಆರ್ಥಿಕತೆ ಅಂದರೆ ಬಹಳ ಸಲ ಹಳ್ಳಿಗಾಡಿನ ನಡುವೆ ಒಂದು ಪಟ್ಟಣ ಬೆಳೆಯುವುದು, ಅಷ್ಟೇ. ಅದೂ ಬೇಕು. ರಾಜಧಾನಿಗೆ ಹೋಗುವ ಬದಲು ಎರಡು ಗಂಟೆ ದೂರದ ಪಟ್ಟಣಕ್ಕೆ ಹೋದರೆ ವಾರಕ್ಕೊಮ್ಮೆ ಮನೆಗೆ ಬರಬಹುದು. ಆದರೆ ಅದನ್ನು ಹಳ್ಳಿಯ ಉದ್ಧಾರ ಎಂದು ಕರೆಯುವುದು ಸುಮ್ನೆ ಮಾತು.

ಊರಿನ ಕೊನೆಯ ಮನೆಗೂ ಮುಟ್ಟಿದ ಕತೆಗಳನ್ನು ಹುಡುಕಿದರೆ ಅವುಗಳಲ್ಲಿ ಒಂದು ವಿಷಯ ಪದೇ ಪದೇ ಕಾಣುತ್ತದೆ. ಒಡೆತನ ಅಲ್ಲಿನವರದು. 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ರೈತ ಮನೆಗಳಲ್ಲಿ ಒಂಬತ್ತಕ್ಕೆ ಕರೆಂಟು ಇರಲಿಲ್ಲ. ಖಾಸಗಿ ಕಂಪನಿಗಳು ಲಾಭ ಇಲ್ಲ ಎಂದಿದ್ದವು. 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಇಲಾಖೆ ಹುಟ್ಟಿತು, ಅದು ರೈತರ ಸಹಕಾರ ಸಂಘಗಳಿಗೆ ಸಾಲ ಕೊಟ್ಟಿತು. 1950ರ ದಶಕದ ಆರಂಭಕ್ಕೆ ಲೆಕ್ಕ ತಿರುಗಿಬಿದ್ದು ಹತ್ತರಲ್ಲಿ ಸುಮಾರು ಒಂಬತ್ತು ಮನೆಗೆ ದೀಪ ಬಂದಿತ್ತು. ಇದೇ ದಾರಿಯಲ್ಲಿ ಹುಟ್ಟಿದ ಒಂದು ದೂರವಾಣಿ ಸಹಕಾರ ಸಂಘ ಕೆಂಟುಕಿಯ ಮೆಕೀ ಎಂಬ ಊರಲ್ಲಿದೆ. ಅಪಲೇಚಿಯಾದ ಬೆಟ್ಟಸಾಲು, ದೇಶದ ತೀರಾ ಬಡ ಜಿಲ್ಲೆಗಳಲ್ಲಿ ಎರಡು. ಆ ಸಂಘ ಸರ್ಕಾರದ ಸಾಲ, ಅನುದಾನ ಹಿಡಿದು ಪ್ರತಿ ಮನೆಗೂ ಫೈಬರ್ ಎಳೆಯಿತು. ಲಾರಿ ಹೋಗದ ಕಡಿದಾದ ಜಾಗಗಳಲ್ಲಿ ಕೇಬಲ್ ಎಳೆದದ್ದು ಓಲ್ಡ್ ಬಬ್ ಎಂಬ ಹೇಸರಗತ್ತೆ! ನ್ಯೂಯಾರ್ಕಿನ ಎಷ್ಟೋ ಮನೆಗಳಿಗಿಂತ ಒಳ್ಳೆಯ ಇಂಟರ್ನೆಟ್ಟು ಆ ಬೆಟ್ಟದ ಮನೆಗಳಿಗೆ ಬಂತು. ಅದರಿಂದ ಮನೆಯಲ್ಲೇ ಕೂತು ಗ್ರಾಹಕ ಸೇವೆಯ ಕೆಲಸ ಮಾಡುವವರು ನೂರಾರು ಜನ ಆದರು.

ಆ ಕೆಲಸಗಳ ಬಗ್ಗೆ ನನಗೆ ಪೂರ್ತಿ ಭರವಸೆ ಇಲ್ಲ. ಫೋನಿಗೆ, ಚಾಟಿಗೆ ಉತ್ತರ ಕೊಡುವುದನ್ನು ಯಂತ್ರಗಳು ಬೇಗ ಕಲಿಯುತ್ತಿವೆ. ಕೊಡುವ ಕಂಪನಿ ಎಲ್ಲೋ ಇದೆ, ನಾಳೆ ಬೇಡ ಅಂದರೆ ಮುಗಿಯಿತು. ಆದರೆ ಸಂಘ ಅಲ್ಲೇ ಇರುತ್ತದೆ. ತಂತಿ ಅವರದು, ಲೈನ್‌ಮನ್ ಅವರವನು, ಲಾಭ ಬಂದರೆ ಏನು ಮಾಡಬೇಕು ಎಂದು ತೀರ್ಮಾನಿಸುವ ಸಭೆಯೂ ಅವರದೇ.

ಡೆನ್ಮಾರ್ಕಿನಲ್ಲೂ ಹಾಗೇ ಇತ್ತು. ಹಳ್ಳಿಯವರು ಗುಂಪು ಕಟ್ಟಿ ಷೇರು ಹಾಕಿ ಟರ್ಬೈನ್ ಕೊಳ್ಳುತ್ತಿದ್ದರು. ಈ ಶತಮಾನದ ಶುರುವಿನ ಹೊತ್ತಿಗೆ ಲಕ್ಷದಷ್ಟು ಕುಟುಂಬಗಳಿಗೆ ಇಂಥ ಪಾಲು ಇತ್ತು. ಆಮೇಲೆ ಯಂತ್ರಗಳು ದೈತ್ಯವಾದವು. ಬೆಲೆ ಹಳ್ಳಿಯ ಕೈಗೆ ಎಟುಕದ ಹಾಗಾಯಿತು. ವಿದ್ಯುತ್ ಕಂಪನಿಗಳು, ಪಿಂಚಣಿ ನಿಧಿಗಳು ಮಾಲೀಕರಾದವು. ಹಿಂದೆ ಟರ್ಬೈನ್ ಬೇಕು ಎಂದು ಓಡಾಡಿದ ಅದೇ ಹಳ್ಳಿಗಳಲ್ಲಿ ಸದ್ದು, ನೆರಳು ಎಂದು ವಿರೋಧ ಶುರುವಾಯಿತು. ಕೊನೆಗೆ ಹೊಸ ಟರ್ಬೈನ್ ನಿಲ್ಲಿಸುವವರು ಶೇ. 20ರಷ್ಟು ಪಾಲನ್ನು ಅಕ್ಕಪಕ್ಕದವರಿಗೆ ಕೊಳ್ಳಲು ಕೊಡಬೇಕು ಎಂದು ಕಾನೂನೇ ಮಾಡಬೇಕಾಯಿತು. 2020ರಲ್ಲಿ ಅದನ್ನೂ ತೆಗೆದು, ಹತ್ತಿರದ ಮನೆಗಳಿಗೆ ವರ್ಷಕ್ಕಿಷ್ಟು ಎಂದು ಹಣ ಕೊಡುವ ಪದ್ಧತಿ ತಂದರು. ಪಾಲುದಾರರಾಗಿದ್ದವರು ಪರಿಹಾರ ಪಡೆಯುವವರಾದರು. ಟರ್ಬೈನ್ ಎಲ್ಲಿ ನಿಲ್ಲಬೇಕು ಎಂಬ ಸಭೆಯಲ್ಲಿ ಈಗ ಅವರು ಕೂರುವುದು ಮೇಜಿನ ಆಚೆ ಬದಿಗೆ.